ಬೇರು ಖಾಲಿ ಇದೆ

ಕಂಪ್ಯೂಟರ್ ಪಂಡಿತರ ಮರ ತಲೆಕೆಳಗಾಗಿ ಬೆಳೆಯುತ್ತದೆ: ಬೇರು ಮೇಲೆ, ಕೊಂಬೆ ಕೆಳಗೆ. ಗೀತೆಯ ಅಶ್ವತ್ಥವೂ ಹಾಗೇ ಇರುವುದರಿಂದ ನಾವು ತಕರಾರು ತೆಗೆಯುವಂತಿಲ್ಲ. ಇಂಥ ಮರಗಳ ಗುಂಪಿಗೆ ಅವರು ‘ಫಾರೆಸ್ಟ್’ ಎನ್ನುತ್ತಾರೆ. ಬೊರಿವಲಿಯ ಕಾಡಿನಲ್ಲಿ ಚಿರತೆಯಾದರೂ ಕಾಣುತ್ತದೆ. ಪೊವಾಯಿ, ಅಂಧೇರಿಯ ಗಾಜಿನ ಕಟ್ಟಡಗಳೊಳಗಿನ ಈ ಕಾಡು ಕಾಣುವುದು ಪಾಸ್‌ವರ್ಡ್ ಮರೆತ ದಿನ ಮಾತ್ರ. ಅದರ ಹೆಸರು ಆಕ್ಟಿವ್ ಡೈರೆಕ್ಟರಿ; ಯಾರು ನೌಕರ, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಲೆಕ್ಕವೆಲ್ಲ ಅದರದ್ದು. ವಿಂಡೋಸ್ 2000ದ ಜೊತೆ ಇದು ಬಂದ ಕಾಲದಲ್ಲಿ ತಜ್ಞರ ಸಲಹೆಯೊಂದಿತ್ತು: ಎಲ್ಲಕ್ಕಿಂತ ಮೇಲೆ ಒಂದು ರೂಟ್ ಡೊಮೇನ್ (ಬೇರಿನ ವಿಭಾಗ) ಕಟ್ಟಿ, ಅದರಲ್ಲಿ ಒಂದಿಬ್ಬರು ಅಡ್ಮಿನ್‌ಗಳನ್ನು ಬಿಟ್ಟು ಯಾರನ್ನೂ ಇರಿಸಬೇಡಿ, ನೌಕರರೆಲ್ಲ ಕೆಳಗಿನ ಡೊಮೇನ್‌ಗಳಲ್ಲಿರಲಿ. ಕೀಲಿಕೈ ಗೊಂಚಲು ಖಾಲಿ ಮನೆಯಲ್ಲಿ ಭದ್ರವಾಗಿರುತ್ತದೆ ಎಂಬ ನಂಬಿಕೆ. ಭದ್ರತೆಯ ನಿಜವಾದ ಬೇಲಿ ಡೊಮೇನ್ ಅಲ್ಲ, ಇಡೀ ಫಾರೆಸ್ಟ್ ಎಂದು ಆಮೇಲೆ ತಿಳಿಯಿತು. ಹಾಗಾಗಿ ಈಗ ಖಾಲಿ ಮನೆಗೆ ಕೆಲಸವಿಲ್ಲ. ಆದರೂ ಕಾವಲಿಗೆ ಎರಡು ಸರ್ವರ್, ಅವಕ್ಕೆ ಕರೆಂಟು, ತಿಂಗಳು ತಿಂಗಳು ಪ್ಯಾಚು. ದಾದರಿನಲ್ಲಿ ಬೀಗ ಹಾಕಿದ ಫ್ಲ್ಯಾಟಿಗೆ ಮೇಂಟೆನೆನ್ಸ್ ಕಟ್ಟುವವರಿಗೆ ಈ ಸಂಕಟ ಗೊತ್ತು. ‘ಕಿತ್ತು ಬಿಸಾಡಿ’ ಎನ್ನುವ ಮ್ಯಾನೇಜರರ ಮಾತು ನ್ಯಾಯವಾದದ್ದೇ. ನ್ಯಾಯವಾದದ್ದು, ಆದರೆ ಆಗದ್ದು.

ಮೊದಲು ಹುಟ್ಟಿದ ಡೊಮೇನೇ ಬೇರು. ಆ ಹಿರಿತನವನ್ನು ಇನ್ನೊಂದಕ್ಕೆ ಧಾರೆ ಎರೆದು ಕೊಡಲು ಬರುವುದಿಲ್ಲ. ಫಾರೆಸ್ಟನ್ನು ಆಳುವ ಎಂಟರ್‌ಪ್ರೈಸ್ ಅಡ್ಮಿನ್ಸ್, ಸ್ಕೀಮಾ ಅಡ್ಮಿನ್ಸ್ ಗುಂಪುಗಳ ವಾಸ ಅಲ್ಲೇ. ಮಕ್ಕಳಿರುವ ತನಕ ಅಪ್ಪನನ್ನು ಅಳಿಸಲಾಗದು. ಉಳಿದದ್ದು ಮುಂಬಯಿಗೆ ಚೆನ್ನಾಗಿ ಗೊತ್ತಿರುವ ದಾರಿ. ವರ್ಲಿ, ನಾಯಗಾಂವ್‌ಗಳ ಬಿಡಿಡಿ ಚಾಳುಗಳನ್ನು 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿತು. ಅವನ್ನು ಹೊಸದಾಗಿ ಕಟ್ಟಲು ಹೊರಟಾಗ, ಮೇಲೆ ಜನ ಮಲಗಿರುವಾಗಲೇ ತಳದ ಮಹಡಿಯನ್ನು ಮೆಲ್ಲಗೆ ಎಳೆದುಕೊಂಡರಾಯಿತು ಎಂದು ಅಲ್ಲಿ ಯಾರೂ ಯೋಚಿಸಲಿಲ್ಲ. 160 ಚದರಡಿಯ ಖೋಲಿಯವರನ್ನು ಮೊದಲು ಬೇರೆಡೆ ಸಾಗಿಸಿ, ಚಾಳು ಕೆಡವಿ, 500 ಚದರಡಿಯ ಮನೆ ಎಬ್ಬಿಸಲು ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ ಮ್ಹಾಡಾ ಮುಂದಾಯಿತು. ಡೈರೆಕ್ಟರಿಯಲ್ಲೂ ಅಷ್ಟೇ: ಪಕ್ಕದಲ್ಲಿ ಒಂದೇ ಡೊಮೇನಿನ ಹೊಸ ಫಾರೆಸ್ಟ್ ಕಟ್ಟಿ, ಎರಡರ ನಡುವೆ ‘ಟ್ರಸ್ಟ್’ ಎಂಬ ನಂಬಿಕೆಯ ಸೇತುವೆ ಹಾಕಿ, ನೌಕರರನ್ನೂ ಯಂತ್ರಗಳನ್ನೂ ಕಂತು ಕಂತಾಗಿ ಸಾಗಿಸಿ, ಕೊನೆಗೆ ಹಳೆಯದರ ದೀಪ ಆರಿಸಬೇಕು. ಹಳೆಯದು ಬೀಳುವ ಮೊದಲೇ ಹೊಸದು ಎದ್ದು ನಿಲ್ಲುವುದು ಇಲ್ಲಿನ ಸುಖ. ಮುಂಬಯಿಯಲ್ಲಿ ‘ಪಕ್ಕದಲ್ಲಿ’ ಎಂಬ ಜಾಗವೇ ಇಲ್ಲ.

ಇಷ್ಟೆಲ್ಲ ಯಾಕೆ, ಹೆಸರು ಬದಲಿಸಿದರೆ ಸಾಲದೇ ಎನ್ನುವವರಿದ್ದಾರೆ. ಅದಕ್ಕೂ ‘ರೆನ್‌ಡಾಮ್’ ಎಂಬ ಸಲಕರಣೆ ಇದೆ. ಅದು ಹೆಸರನ್ನು ಬದಲಿಸೀತೇ ಹೊರತು ಬೇರು ಯಾವುದೆಂಬುದನ್ನಲ್ಲ. ಮೇಲಾಗಿ ಡೊಮೇನಿನ ಪ್ರತಿ ಕಂಪ್ಯೂಟರನ್ನೂ ಎರಡೆರಡು ಸಲ ರೀಸ್ಟಾರ್ಟ್ ಮಾಡಬೇಕು; 2007ರಿಂದೀಚಿನ ಎಕ್ಸ್‌ಚೇಂಜ್ ಮೇಲ್ ಸರ್ವರ್ ಇದ್ದಲ್ಲಂತೂ ಅದರ ಗೊಡವೆಯೇ ಬೇಡ. ಊರಿನ ಮಟ್ಟಿಗೆ ಈ ಪ್ರಯೋಗ 1995ರಲ್ಲೇ ಆಗಿದೆ. ಬಾಂಬೆ ಮುಂಬಯಿಯಾಯಿತು, ಮರುವರ್ಷ ವಿಕ್ಟೋರಿಯಾ ಟರ್ಮಿನಸ್ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ‘ಮಹಾರಾಜ್’ ಸೇರಿತು. ಟ್ಯಾಕ್ಸಿಯವರ ಬಾಯಲ್ಲಿ ಇನ್ನೂ ವಿಟಿ. ಹೈಕೋರ್ಟು ಬಾಂಬೆಯದು, ಐಐಟಿ ಬಾಂಬೆಯದು, ವಿಮಾನದ ಲಗೇಜಿಗೆ ಕಟ್ಟುವ ಚೀಟಿಯಲ್ಲಿ ಬಿಒಎಂ.

ಸಾಗಿಸುವಾಗ ಹಳೆಯ ಹಕ್ಕುಗಳು ಕೈತಪ್ಪುವುದಿಲ್ಲವೇ ಎಂಬ ಅಂಜಿಕೆ ಇನ್ನೂ ಗಟ್ಟಿಯಾದದ್ದು. ಅದಕ್ಕೆ ‘ಎಸ್‌ಐಡಿ ಹಿಸ್ಟರಿ’ ಎಂಬ ಏರ್ಪಾಡಿದೆ: ಹೊಸ ಗುರುತಿನ ಜೊತೆ ಹಳೆಯ ಗುರುತಿನ ಚೀಟಿಯೂ ಜೇಬಿನಲ್ಲಿರುತ್ತದೆ, ಹಳೆಯ ಬಾಗಿಲು ತೆರೆಯುತ್ತದೆ. ಸಾಗಾಟ ಮುಗಿದ ಮೇಲೆ ಆ ಚೀಟಿ ಅಳಿಸಬೇಕೆಂಬುದು ಶಾಸ್ತ್ರ, ಮರೆಯುವುದು ರೂಢಿ. ಅಡ್ಮಿನ್‌ಗಳನ್ನೇ ಬೈದು ಫಲವಿಲ್ಲ. ಧಾರವಾಡ, ವಿಜಾಪುರ, ಬೆಳಗಾವಿ, ಉತ್ತರ ಕನ್ನಡ 1956ರ ನವೆಂಬರ್ 1ರಂದು ಬಾಂಬೆ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಮೈಗ್ರೇಟ್ ಆದವು. ಜೇಬಿನಲ್ಲೇ ಉಳಿದಿದ್ದ ‘ಮುಂಬಯಿ ಕರ್ನಾಟಕ’ದ ಚೀಟಿಯನ್ನು ಸರ್ಕಾರ ‘ಕಿತ್ತೂರು ಕರ್ನಾಟಕ’ ಎಂದು ತಿದ್ದಿದ್ದು 2021ರಲ್ಲಿ. 65 ವರ್ಷ, ಅಷ್ಟು ದೀರ್ಘ ಸರ್ವಿಸ್ ಯಾವ ಅಡ್ಮಿನ್‌ಗೂ ಇಲ್ಲ.