ಹುಲಿ ಇಲ್ಲದ ಗುಡ್ಡ

ನಮ್ಮ ಸಲಗರೆಯಲ್ಲಿ ಯಾರಾದರೂ “ಅಡವಿ ನೋಡಾಕ ಹೊಂಟೀನಿ” ಅಂದರೆ ಕಟ್ಟೆಯ ಮೇಲೆ ಕೂತವರು ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಮಳೆಯೇ ಲೆಕ್ಕ ಹಾಕಿ ಬರುವ ಮೀರಜ ತಾಲೂಕಿನ ಪೂರ್ವಭಾಗಕ್ಕೆ ಅಡವಿ ಎಲ್ಲಿಂದ ಬರಬೇಕು? ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಬಡಿಸುವಾಗ ದೇವರು ಸ್ಪಷ್ಟವಾಗಿ ಪಂಕ್ತಿಭೇದ ಮಾಡಿದ್ದಾನೆ. ಪಶ್ಚಿಮದ ತುದಿಯ ಶಿರಾಳ ತಾಲೂಕಿಗೆ ಚಾಂದೋಲಿಯ ದಟ್ಟ ಕಾಡು ಕೊಟ್ಟ. ಅದು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ಕೊಯ್ನಾ ಅಭಯಾರಣ್ಯದ ಜೊತೆ ಸೇರಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶವೂ ಆಯಿತು. ಪೂರ್ವದ ನಮಗೆ ಜಾಲಿ, ಬೇವು ಮತ್ತು ನೀರಿನ ಟ್ಯಾಂಕರ್. 2016ರ ಏಪ್ರಿಲ್‌ನಲ್ಲಿ ಬರಗಾಲದ ಲಾತೂರಿಗೆ ಕೃಷ್ಣೆಯ ನೀರು ಹೊತ್ತ ‘ಜಲದೂತ’ ರೈಲು ಮೀರಜಿನಿಂದ ಹೊರಟು ನಮ್ಮ ಸಲಗರೆ ಸ್ಟೇಷನ್ ದಾಟಿಯೇ ಹೋಯಿತು. ನಾವು ಫಲಾಟದ ಮೇಲೆ ನಿಂತು ಕೈ ಮುಗಿದೆವು. ನಿಲ್ಲಿಸಿ ಒಂದು ಕೊಡ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ ಎಂದರೆ ಅದು ಸುಳ್ಳು.

ಇಂಥ ಊರಿಗೆ ದೀಪಾವಳಿ ರಜೆಯಲ್ಲಿ ಬೆಂಗಳೂರಿನಿಂದ ತಂಗಿಯ ಮಗ ಬಂದ. ಬೂಟು ಹೊಸದು, ಬೆನ್ನಿನ ಚೀಲ ಹೊಸದು, ಮಡಚುವ ಕೋಲು ಸಹ ಇತ್ತು. “ಮಾಮಾ, ನಿಮ್ಮ ಕಡೆ ಟ್ರೆಕ್ಕಿಂಗ್ ಮಾಡೋಕೆ ಏನಿದೆ?” ಅಂದ. ಇರುವುದು ದಂಡೋಬಾ. ಮೀರಜ-ಪಂಢರಪುರ ರಸ್ತೆಯ ಭೋಸೆ ಊರಿನ ಪಕ್ಕದ ಗುಡ್ಡ. ಸುತ್ತ ಅರಣ್ಯ ಇಲಾಖೆಯ ಕಾಡು, ಕಾಲುದಾರಿಗಳು, ನಡುವೆ ಹುಲ್ಲಿನ ಮಾಳ, ಮೇಲೆ ಗುಡ್ಡವನ್ನೇ ಕೊರೆದು ಮಾಡಿದ ಈಶ್ವರನ ಗವಿಗುಡಿ. ಶ್ರಾವಣ ಸೋಮವಾರ ಬಂತೆಂದರೆ ಅಜ್ಜಿಯಂದಿರು ಕೂಸುಗಳನ್ನು ಟೊಂಕದ ಮೇಲೆ ಕೂರಿಸಿಕೊಂಡು ಹತ್ತುತ್ತಾರೆ. ಅದಕ್ಕೆ ಟ್ರೆಕ್ಕಿಂಗ್ ಅನ್ನಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಕೂಡ ಹೊರಟಳು. ಎಪ್ಪತ್ತು ದಾಟಿದ ಕಾಕು ಗುಡ್ಡಕ್ಕೆ ಹೋಗುವುದೆಂದರೆ ಬುತ್ತಿ ಕಟ್ಟುವುದು. ಗುಡ್ಡ ಆಮೇಲಿನ ಮಾತು. ಸಜ್ಜೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಅಳಿಯನ ಚೀಲದಲ್ಲಿ ಎನರ್ಜಿ ಬಾರ್ ಎಂಬುದಿತ್ತು. ಕಾಕು ಅದನ್ನು ತಿರುವಿ ಮುರುವಿ ನೋಡಿ, “ಶೇಂಗಾ ಚಿಕ್ಕಿಗೆ ಅಂಗಿ ತೊಡಿಸ್ಯಾರ” ಎಂದು ಕೊಟ್ಟುಬಿಟ್ಟಳು.

ಗುಡ್ಡದ ಬುಡದಲ್ಲಿ ಅಳಿಯ ಕೇಳಿದ ಮೊದಲ ಪ್ರಶ್ನೆ ಎಲ್ಲ ಊರಿನ ಎಲ್ಲ ಪ್ರವಾಸಿಗಳೂ ಕೇಳುವುದೇ: “ಇಲ್ಲಿ ಯಾವ ಯಾವ ಪ್ರಾಣಿ ಇದೆ?” ಮೊಲ, ನವಿಲು, ನಸೀಬಿದ್ದರೆ ನರಿ ಎಂದೆ. ಅವನ ಮುಖ ಇಳಿಯಿತು. ನನಗೆ ಈ ಪ್ರಶ್ನೆಯ ಮೇಲೇ ಸಿಟ್ಟು. ಹುಲಿ ಇದ್ದರೆ ಕಾಡು, ಇಲ್ಲದಿದ್ದರೆ ಗುಡ್ಡ ಎಂಬ ಲೆಕ್ಕ ಯಾರು ಮಾಡಿದರೋ. ಹುಲಿ ಇರುವ ಕಾಡಿಗೆ ಹೋದವರಲ್ಲಿಯೂ ಬಹಳಷ್ಟು ಜನ ನೋಡಿಬರುವುದು ಮುಂದಿನ ಜೀಪಿನ ನಂಬರ್ ಪ್ಲೇಟನ್ನು.

ದಾರಿಯಲ್ಲಿ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಸಾಲುಸಾಲಾಗಿ ನಿಂತಿತ್ತು. ಮಧ್ಯ ಅಮೆರಿಕದ ಕಡೆಯಿಂದ ಬಂದ ಗಿಡ ಇದು. ಬೇಗ ಬೆಳೆಯುತ್ತದೆ, ಬರ ತಾಳುತ್ತದೆ, ಆಡು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಒಣ ಗುಡ್ಡವನ್ನು ಬೇಗ ಹಸಿರು ಮಾಡಬೇಕಾದ ಸರ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಮಿತ್ರನಿಲ್ಲ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ 33 ಕೋಟಿ ಸಸಿ ನೆಡುವ ಗುರಿ ಇಟ್ಟುಕೊಂಡಿತ್ತು. ದೇವತೆಗಳ ಸಂಖ್ಯೆಗೆ ಸರಿಯಾಗಿಯೇ ಇಟ್ಟಿದ್ದರು. ದೇವತೆಗಳನ್ನು ಯಾರೂ ಎಣಿಸಿಲ್ಲವಾದ್ದರಿಂದ ಸಸಿಗಳ ಲೆಕ್ಕಕ್ಕೂ ಹೆಚ್ಚು ತೊಂದರೆ ಆಗಿರಲಿಕ್ಕಿಲ್ಲ.

ಗಿಡದ ಮೇಲೆ ನನಗೆ ಹಗೆ ಇಲ್ಲ. ಆದರೆ ಗುಡ್ಡದ ನಡುವೆ ಮಾಳ ಬಂದಾಗ ನನ್ನ ಪಕ್ಷ ಹುಲ್ಲಿನದು. ಮಳೆ ಕಡಿಮೆ ಇರುವಲ್ಲಿ, ಕರಿಗಲ್ಲಿನ ಮೇಲೆ ಒಂದು ಗೇಣು ಮಣ್ಣಿರುವಲ್ಲಿ, ಹುಲ್ಲೇ ಸರಿಯಾದ ಬೆಳೆ. 2000ದಲ್ಲಿ ಮೊದಲ ಸಲ ಹೊರಬಂದ ದೇಶದ ಪಾಳುಭೂಮಿ ನಕಾಶೆಯಲ್ಲಿ ಇಂಥ ಹುಲ್ಲುಗಾವಲು, ಕುರುಚಲು ನೆಲವೆಲ್ಲ ಪಾಳು ಎಂದೇ ಗುರುತಾಯಿತು. ಅದೇ ಪಾಳಿನಲ್ಲಿ ಕುರುಬರು, ಧನಗರರು ತಲೆತಲಾಂತರದಿಂದ ದಖ್ಖನಿ ಕುರಿ ಮೇಯಿಸಿದ್ದಾರೆ, ಕಂಬಳಿ ನೇಯ್ದಿದ್ದಾರೆ. ಪಕ್ಕದ ಕವಠೆ ಮಹಾಂಕಾಳ ತಾಲೂಕಿನ ಆರೇವಾಡಿಯಲ್ಲಿ ಬಿರೋಬಾನಿಗೆ ಭಂಡಾರ ಹಾರಿಸಿ ಕುರಿ ಚೆನ್ನಾಗಿರಲಿ ಎಂದು ಬೇಡಿಕೊಂಡಿದ್ದಾರೆ. ದೇವರಿಗೆ ಪಾಳಾಗಿ ಕಾಣದ ನೆಲ ನಕಾಶೆಯವರಿಗೆ ಕಂಡಿತು.

ದೀಪಾವಳಿಯ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. “ವ್ಹಾವ್” ಎನ್ನುತ್ತ ಅಳಿಯ ದಾರಿ ಬಿಟ್ಟು ಅದರ ನಡುವೆ ಇಳಿದ, ಕೈ ಚಾಚಿ ಫೋಟೋಕ್ಕೆ ನಿಂತ. ಕಾಕು ಮಾತ್ರ ಸೀರೆ ಎತ್ತಿ ಕಟ್ಟಿ ದಾರಿಯ ಮೇಲೇ ನಿಂತಿದ್ದಳು. ಐದು ನಿಮಿಷದಲ್ಲಿ ಅಳಿಯನ ಕಾಲುಚೀಲ, ಪ್ಯಾಂಟು, ಬೂಟಿನ ದಾರ ಎಲ್ಲದರೊಳಗೂ ಕುಸಳ ಹೊಕ್ಕಿತ್ತು. ಕುಸಳ ಎಂದರೆ ಈ ಹುಲ್ಲಿನ ಬೀಜದ ಚೂಪು. ಬೀಜದ ಬೆನ್ನಿಗೆ ಒಂದು ಉದ್ದನೆಯ ಹುರಿಗೊಂಡ ಬಾಲ ಇರುತ್ತದೆ. ಇಬ್ಬನಿ ಬಿದ್ದರೆ ಹುರಿ ಬಿಚ್ಚುತ್ತದೆ, ಬಿಸಿಲಿಗೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜ ತಾನೇ ನೆಲ ಕೊರೆದು ಒಳಗಿಳಿಯುತ್ತದೆ. ಮೊನೆಯ ಹತ್ತಿರದ ಕೂದಲು ಹಿಮ್ಮುಖವಾಗಿರುವುದರಿಂದ ಒಳಗೆ ಹೋದದ್ದು ಹೊರಗೆ ಬಾರದು. ಗುಂಡಿ ತೋಡುವವರು ಬೇಡ, ಸಸಿ ನೆಡುವ ಮಂತ್ರಿ ಬೇಡ, ಫಲಕ ಬೇಡ. ಇದನ್ನೆಲ್ಲ ನಾನು ಸಂಭ್ರಮದಿಂದ ವಿವರಿಸುತ್ತಿದ್ದೆ. ಬಂಡೆಯ ಮೇಲೆ ಕೂತು ಕಾಲುಚೀಲದಿಂದ ಒಂದೊಂದೇ ಕುಸಳ ಕೀಳುತ್ತಿದ್ದ ಅಳಿಯನಿಗೆ ವಿಜ್ಞಾನದ ಮೇಲೆ ಆ ಹೊತ್ತಿನಲ್ಲಿ ಗೌರವ ಇರಲಿಲ್ಲ.

ಗವಿಗುಡಿಯೊಳಗೆ ತಂಪು, ಕತ್ತಲೆ, ಬಾವಲಿಯ ವಾಸನೆ. ಕಾಕು ಈಶ್ವರನಿಗೆ ಮರಾಠಿಯಲ್ಲಿ ನಮಸ್ಕಾರ ಹೇಳಿ, ಬೇಡಿಕೆಗಳನ್ನು ಕನ್ನಡದಲ್ಲಿ ಸಲ್ಲಿಸಿದಳು. ನಮ್ಮ ಕಡೆಯ ಕಚೇರಿಗಳಲ್ಲೂ ರೂಢಿ ಇದೇ.

ನೆತ್ತಿಯ ಮೇಲೆ ಗಾಳಿ ಜೋರು. ಕೆಳಗೆ ನೋಡಿದರೆ ದ್ರಾಕ್ಷಿ ತೋಟದ ಚೌಕಗಳು. ಕೆಲವು ಕಡೆ ಚಾಟಣಿ, ಅಂದರೆ ಬಳ್ಳಿ ಸವರುವುದು, ಮುಗಿದು ಹೊಸ ಚಿಗುರು, ಅಲ್ಲಲ್ಲಿ ದ್ರಾಕ್ಷಿ ಒಣಗಿಸಿ ಬೇದಾಣಾ ಮಾಡುವ ಶೆಡ್ಡುಗಳ ಹಸಿರು ಬಲೆ. ಮೈಸಾಳದ ಹತ್ತಿರ ಕೃಷ್ಣೆಯಿಂದ ನೀರೆತ್ತಿ ಮೆಟ್ಟಿಲು ಮೆಟ್ಟಿಲಾಗಿ ಪೂರ್ವಕ್ಕೆ ಏರಿಸಿದ ಯೋಜನೆಯ ಕರಾಮತ್ತು ಇದು. ನನ್ನ ಬಾಲ್ಯದಲ್ಲಿ ಜೋಳದ ಹೊಲವಿದ್ದ ಕಡೆಗಳಲ್ಲಿ ಈಗ ದ್ರಾಕ್ಷಿ ಮಳೆಗೆ ಹೆದರುತ್ತದೆ. ಮಳೆ ಬರಲಿ ಎಂದು ಹರಕೆ ಹೊತ್ತ ದೇವರಿಗೇ ಈಗ ಜನ ಮಳೆ ಬೇಡ ಎಂದು ಹೇಳಿಕಳಿಸುವ ಕಾಲ.

ಊಟಕ್ಕೆ ಕೂತಾಗ ಅಳಿಯನ ಬೇಸರ ಮೂರನೆಯ ರೊಟ್ಟಿಗೆ ಕರಗಿತು. ಆದರೂ ಪ್ರಾಣಿಯ ಚಿಂತೆ ಬಿಡಲಿಲ್ಲ. ನಾನು ಸಾಗರೇಶ್ವರದ ವಿಷಯ ತೆಗೆದೆ. ನಮ್ಮ ಜಿಲ್ಲೆಯದೇ, 1985ರಲ್ಲಿ ಘೋಷಣೆಯಾದ ಅಭಯಾರಣ್ಯ, 10.87 ಚದರ ಕಿಲೋಮೀಟರ್. ಹುಟ್ಟಿಕೊಂಡ ಕಾಡಲ್ಲ, ಹಟದಿಂದ ಮಾಡಿದ ಕಾಡು. ಧೋಂಡಿರಾಮ ಮೋಹಿತೆ ಎಂಬವರು ಬೋಳು ಗುಡ್ಡದ ಬೆನ್ನು ಹತ್ತಿ, ಗಿಡ ಹಚ್ಚಿಸಿ, ಸುತ್ತ ಬೇಲಿ ಹಾಕಿಸಿ, ಹೊರಗಿನಿಂದ ಜಿಂಕೆ, ಕಡವೆಗಳನ್ನು ತರಿಸಿ ಬಿಡಿಸಿದರು. ಮುಂದಿನ ಸಲ ಅಲ್ಲಿಗೆ ಹೋಗೋಣ, ಜಿಂಕೆ ಖಾತ್ರಿ ಎಂದೆ. ಅಳಿಯನ ಕಣ್ಣು ಅರಳಿತು. ಕೂಡಲೇ ಫೋನಿನಲ್ಲಿ ದಾರಿ ಹುಡುಕತೊಡಗಿದ.

ಕಾಕು ಮೊಸರಿನ ಗಡಿಗೆ ಬಳಿಯುತ್ತ ತಲೆ ಎತ್ತಿದಳು. ಅವಳ ಮಗಳನ್ನು ಕೊಟ್ಟದ್ದು ಆ ಬೇಲಿಯ ಹತ್ತಿರದ ಊರಿಗೇ.

“ಜಿಂಕಿ ನೋಡಾಕ ತಿಕೀಟ ಯಾಕ ತಗಸ್ತಿ? ರಾತ್ರಿ ಬೇಲಿ ಹಾರಿ ನಮ್ಮ ಬೀಗರ ಕಬ್ಬಿನ್ಯಾಗ ಬಂದು ಕುಂತಿರ್ತಾವು. ಕಾವಲಕ್ಕ ಆಳು ಸಿಗವಲ್ಲವು ಅಂತ ಬೀಗರು ಅಳಾಕತ್ಯಾರ. ಇಂವನ್ನ ಎಂಟ ದಿನ ಕಳಸು. ಕೋಲು ಹೆಂಗಿದ್ರೂ ತಂದಾನ.”