ಮಾಹೋಲ್ ಕಾಕಾ

ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋಗುವವರಲ್ಲಿ ಮೂರು ಬಗೆ. ಬೇಡಿಕೊಳ್ಳಲು ಹೋಗುವವರು, ದಾಸೋಹದಲ್ಲಿ ಉಣ್ಣಲು ಹೋಗುವವರು, ನಾಮಪತ್ರ ಸಲ್ಲಿಸುವ ಮೊದಲು ಕ್ಯಾಮೆರಾದವರನ್ನು ಕರೆದುಕೊಂಡು ಹೋಗುವವರು. ಈ ಮೂರೂ ಬಗೆಯವರನ್ನು ಎಣಿಸಲೆಂದೇ ಹೋಗುವ ನಾಲ್ಕನೆಯ ಬಗೆಯೊಂದಿದೆ. ದೇವರ ದಯೆ, ಈ ಬಗೆಯವರು ಓಣಿಗೆ ಒಬ್ಬರಿಗಿಂತ ಹೆಚ್ಚು ಇರುವುದಿಲ್ಲ. ನಮ್ಮ ಓಣಿಯ ಪಾಲಿಗೆ ಬಂದವರು ಮಾಹೋಲ್ ಕಾಕಾ.

ನಿಜವಾದ ಹೆಸರು ಹೇಳುವುದಿಲ್ಲ. ಹೇಳಿದರೆ ಇದನ್ನು ಓದಿ, ಇದರಿಂದ ಯಾವ ಪಕ್ಷಕ್ಕೆ ಎಷ್ಟು ಓಟು ಕಡಿಮೆಯಾಗಬಹುದೆಂದು ಚರ್ಚಿಸಲು ಸೀದಾ ಮನೆಗೇ ಬರುತ್ತಾರೆ. ಬಂದರೆ ಎರಡು ಚಹಾಕ್ಕೆ ಏಳುವವರಲ್ಲ.

"ತಮ್ಮಾ, ಮಾಹೋಲ್ ಹ್ಯಾಂಗದ?"

ಇದು ಅವರ ನಮಸ್ಕಾರ. ಮಾಹೋಲ್ ಎಂದರೆ ವಾತಾವರಣ, ಅದರಲ್ಲೂ ಚುನಾವಣೆಯದು. ಉತ್ತರ ಹೇಳಲು ನೀವು ಬಾಯಿ ತೆರೆದರೆ ಸಾಕು, ಅದನ್ನು ಅವರೇ ಹೇಳಿ ಮುಗಿಸುತ್ತಾರೆ. "ಆಳಂದ ಕಡಿ ಸ್ವಲ್ಪ ಅಲ್ಲಾಡ್ಲಕತ್ತದ. ಅಫಜಲಪುರ ಗಟ್ಟಿ ಅದ. ಸಿಟಿ ಮಾತ್ರ ಈಗೇ ಹೇಳ್ಲಿಕ್ಕೆ ಬರಲ್ಲ ನೋಡು." ಬಸ್ಸಿಗೆ ಹೊತ್ತಾಯಿತೆನ್ನಿ, ಮೊಮ್ಮಗುವಿಗೆ ಜ್ವರವೆನ್ನಿ, ಅವರ ಲೆಕ್ಕದಲ್ಲಿ ಅದೂ ಆಡಳಿತ ವಿರೋಧಿ ಅಲೆಯೇ.

ಕಾಕಾ ಸರಕಾರಿ ನೌಕರಿಯಲ್ಲಿದ್ದವರು. ನಿವೃತ್ತಿಯವರೆಗೂ ಪ್ರತಿ ಚುನಾವಣೆಯಲ್ಲಿ ಮತಗಟ್ಟೆ ಕೆಲಸಕ್ಕೆ ಹೋಗಿ, ಮೈಸೂರಿನ ಕಾರ್ಖಾನೆಯಿಂದ ಬರುವ ಆ ಅಳಿಸದ ಮಸಿಯನ್ನು ಜನರ ಎಡಗೈ ತೋರುಬೆರಳಿಗೆ ಹಚ್ಚುತ್ತ ಕುಳಿತವರು. ಎದುರಿಗೆ ಇಡೀ ಜಿಲ್ಲೆಯ ರಾಜಕೀಯ ಸಾಲುಗಟ್ಟಿ ನಿಂತಿದ್ದರೂ ತುಟಿ ಬಿಚ್ಚುವಂತಿರಲಿಲ್ಲ. ಆಗ ನುಂಗಿಕೊಂಡ ಮಾತೆಲ್ಲ ಪಿಂಚಣಿಯ ಜೊತೆಗೆ ಬಾಕಿಸಮೇತ ಹೊರಬಿತ್ತು. ಅದನ್ನು ಕೇಳುವ ಚುನಾವಣಾ ಕರ್ತವ್ಯ ಮಾತ್ರ ನನ್ನ ಪಾಲಿಗೆ ಬಂತು.

2024ರ ಬೇಸಿಗೆಯನ್ನು ನೆನೆಸಿಕೊಂಡರೆ ನನಗೆ ಇಂದಿಗೂ ಗಂಟಲು ಆರುತ್ತದೆ. ಮಾರ್ಚ್ 16ರಂದು ಪ್ರಧಾನಿ ನಮ್ಮೂರಿನ ಎನ್.ವಿ. ಮೈದಾನಕ್ಕೆ ಬಂದು ಭಾಷಣ ಮಾಡಿದರು. ಅದೇ ಮಧ್ಯಾಹ್ನ ದಿಲ್ಲಿಯಲ್ಲಿ ಚುನಾವಣಾ ಆಯೋಗ ಲೋಕಸಭೆ ಚುನಾವಣೆಯ ವೇಳಾಪಟ್ಟಿ ಘೋಷಿಸಿತು. ಕಲಬುರಗಿಗೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಎಂದರೆ ಘೋಷಣೆಯಿಂದ ಫಲಿತಾಂಶಕ್ಕೆ ಎಂಬತ್ತು ದಿನ. ದೇಶಕ್ಕೆ ಏಳು ಹಂತ. ಏಪ್ರಿಲ್ 19ರಿಂದ ಜೂನ್ 1ರವರೆಗೆ ಮತದಾನವೇ ನಡೆಯಿತು. 1951-52ರ ಮೊದಲ ಮಹಾಚುನಾವಣೆ ಬಿಟ್ಟರೆ ಇಷ್ಟು ಉದ್ದ ಎಳೆದದ್ದು ಇದೇ. ನನಗೆ ಎದೆ ಧಸಕ್ಕೆಂದಿತು. ಕಾಕಾಗೆ ಅಂದು ಸಂಜೆ ಮಂಡಿನೋವು ಹೋಯಿತು.

ಉತ್ಪ್ರೇಕ್ಷೆಯಲ್ಲ. ಚಳಿಗಾಲವೆಲ್ಲ ಕೋಲು ಹಿಡಿದು ಗುಡಿಯ ಮೆಟ್ಟಿಲು ಏರಲು ಒದ್ದಾಡಿದ ಮನುಷ್ಯ, ಮಾದರಿ ನೀತಿ ಸಂಹಿತೆ ಜಾರಿಯಾದದ್ದೇ ತಡ, ಕೋಲನ್ನು ಮೂಲೆಗಿಟ್ಟು ಸೂಪರ್ ಮಾರ್ಕೆಟಿನಿಂದ ಗಂಜಿನವರೆಗೆ ನಡೆದು ಹೋಗಿ ಬಂದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಡಾಕ್ಟರು ಗುಳಿಗೆಯಿಂದ ಎಂದರು. ನನಗೆ ನಂಬಿಕೆಯಿಲ್ಲ.

ನನ್ನ ಸ್ಥಿತಿ ತದ್ವಿರುದ್ಧ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮವನ್ನು ನಮ್ಮ ಓಣಿಯ ಆಟೊಗಳು ಚಾಚೂತಪ್ಪದೆ ಪಾಲಿಸಿದವು. ಎಂದರೆ ಆರು ಹೊಡೆದ ಮರುಕ್ಷಣವೇ ಸಿನಿಮಾ ಹಾಡಿನ ಧಾಟಿಗೆ ಕೂಡಿಸಿದ ಪ್ರಚಾರಗೀತೆ ಕಿಟಕಿಯಲ್ಲಿ. ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದರೆ ಫೋನಿನಲ್ಲಿ ಮುದ್ರಿಸಿದ ದನಿ, ಅದೂ ನನ್ನನ್ನು "ಬಂಧುವೇ" ಎಂದು ಕರೆಯುವ ದನಿ. ಹೊರಗೆ ಕಲಬುರಗಿಯ ಬಿಸಿಲು. ಸಾಕಪ್ಪಾ ಸಾಕು ಎಂದು ದಿನಾ ಹೇಳಿದೆ. ಹೇಳಿಕೊಂಡೇ ರಾತ್ರಿ ಹನ್ನೊಂದರವರೆಗೆ ಟಿವಿ ಚರ್ಚೆ ನೋಡಿದೆ. ಹೆಂಡತಿ ಅದನ್ನು ಗಮನಿಸಿದ್ದಾಳೆ.

ಕಾಕಾನಲ್ಲಿ ನಾನು ಕ್ಷಮಿಸಲಾರದ್ದು ಬಾಳೆಹಣ್ಣಿನ ಪ್ರಕರಣವೊಂದೇ.

ಹೋಳಿ ಹುಣ್ಣಿಮೆ ಆದ ಐದನೆಯ ದಿನ ಶರಣಬಸವೇಶ್ವರರ ತೇರು. ಹೀಗಾಗಿ ಲೋಕಸಭೆ ಚುನಾವಣೆಯ ಗದ್ದಲ ಏಳುವುದೂ ನಮ್ಮ ಜಾತ್ರೆಯೂ ಹೆಚ್ಚುಕಡಿಮೆ ಜೊತೆಗೇ ಬರುತ್ತವೆ. ಮಾರ್ಚ್ ಕೊನೆಯ ಆ ಸಂಜೆ ನಾನು ಮನೆಮಂದಿಯ ಜೊತೆ ತೇರು ನೋಡಲು ಹೋಗಿದ್ದೆ. ಕೇಳಬೇಕೆ, ಜನವೋ ಜನ. ತೇರು ಎಳೆಯುವಾಗ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಆ ಬಾಳೆಹಣ್ಣಿನ ಮೇಲೆ ಮನಸ್ಸಿನ ಹರಕೆಯನ್ನು ಪೆನ್ನಿನಲ್ಲಿ ಬರೆದು ಎಸೆಯುವ ರೂಢಿ ಈಚೆಗೆ ನಾಡಿನ ಜಾತ್ರೆಗಳಲ್ಲೆಲ್ಲ ಹಬ್ಬಿದೆ. ನಮ್ಮ ಸಾಹೇಬರು ಮಂತ್ರಿಯಾಗಲಿ, ನಮ್ಮ ಅಣ್ಣ ಗೆಲ್ಲಲಿ, ಹೀಗೆ.

ಹಿಂದಿನಿಂದ ಯಾರೋ ತೋಳು ಹಿಡಿದರು. "ತಮ್ಮಾ, ಛಲೋ ಆತು ಸಿಕ್ಕಿ. ಈ ಚೀಲ ಹಿಡಿ."

"ಏನ್ರೀ ಕಾಕಾ ಇದು?"

"ಸರ್ವೇ."

ಟಿವಿಯವರು ಸಮೀಕ್ಷೆ ಮಾಡುವಾಗ ಜನ ಸುಳ್ಳು ಹೇಳುತ್ತಾರೆ. ಶರಣಬಸಪ್ಪನ ಮುಂದೆ ಯಾರು ಸುಳ್ಳು ಹೇಳುತ್ತಾರೆ? ಆದ್ದರಿಂದ ಬಾಳೆಹಣ್ಣೇ ಖರೇ ಸಮೀಕ್ಷೆ. ಇದು ಕಾಕಾನ ಸಿದ್ಧಾಂತ. ಒಪ್ಪಲೇಬೇಕು, ತರ್ಕ ಗಟ್ಟಿಯಾಗಿದೆ. ತೊಂದರೆಯಿದ್ದದ್ದು ಕಾರ್ಯವಿಧಾನದಲ್ಲಿ. ಹಣ್ಣು ಬೀಳುವ ಕಡೆ ನಾವು ನಿಲ್ಲಬೇಕು. ಹಣ್ಣು ಬೀಳುವಲ್ಲಿಯೇ ಉತ್ತತ್ತಿಯೂ ಬೀಳುತ್ತದೆ. ಉತ್ತತ್ತಿ ಒಣಗಿದ ಖರ್ಜೂರವಾದರೂ ಸಾವಿರಾರು ಭಕ್ತರ ತೋಳ್ಬಲ ಅದರ ಹಿಂದಿರುತ್ತದೆ. ಮೊದಲನೆಯದು ನನ್ನ ಕನ್ನಡಕಕ್ಕೆ, ಎರಡನೆಯದು ಕಿವಿಗೆ. ಕಾಕಾ ತಲೆಗೆ ಒಂದು ಪಕ್ಷದ ಶಾಲು ಸುತ್ತಿ, ಹೆಗಲಿಗೆ ಇನ್ನೊಂದು ಪಕ್ಷದ್ದು ಹಾಕಿ, ಮೂರನೆಯದರಲ್ಲಿ ಬೆವರು ಒರೆಸುತ್ತ ಪೂರ್ಣ ತಾಟಸ್ಥ್ಯದಿಂದ ಬಾಗಿ ಬಾಗಿ ಹಣ್ಣು ಆರಿಸಿದರು. ಮಂಡಿ ನೋಯಿತೆಂದು ಒಂದು ಸಲವೂ ಅನ್ನಲಿಲ್ಲ.

ಆಮೇಲೆ ಗುಡಿ ಹತ್ತಿರದ ಕೆರೆಯ ಕಡೆ ದೀಪದ ಕೆಳಗೆ ಕುಳಿತು ಎಣಿಕೆ ಶುರುವಾಯಿತು. ಅರ್ಧಕ್ಕರ್ಧ ಹಣ್ಣಿನ ಮೇಲೆ ಏನೂ ಬರೆದಿರಲಿಲ್ಲ. "ಗುಪ್ತ ಮತದಾರರು," ಎಂದರು ಕಾಕಾ. ಮಿಕ್ಕವನ್ನು ಕನ್ನಡಕದ ಹತ್ತಿರ ಹಿಡಿದು ಒಂದೊಂದೇ ಓದಿದರು. ಈ ವರ್ಷ ಮದುವೆ ಆಗಲಿ. ಪಿಎಸ್‌ಐ ನೌಕರಿ ಸಿಗಲಿ. ತೊಗರಿಗೆ ರೇಟ್ ಬರಲಿ. ಆರ್‌ಸಿಬಿ ಕಪ್ ಗೆಲ್ಲಲಿ. ಅಪ್ಪ ಕುಡಿತ ಬಿಡಲಿ.

ಕೊನೆಯದನ್ನು ಓದಿ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು. ನಂತರ ಅದನ್ನು ಯಾವ ರಾಶಿಗೂ ಸೇರಿಸದೆ ಜೋಪಾನವಾಗಿ ಬೇರೆ ಇಟ್ಟರು. ಪಿಎಸ್‌ಐ ಹಣ್ಣನ್ನು ಮಾತ್ರ "ಇದು ಆಡಳಿತ ವಿರೋಧಿ" ಎಂದು ಎಡಕ್ಕೆ ಹಾಕಿದರು. ಚುನಾವಣೆಗೆ ಸಂಬಂಧಪಟ್ಟ ಹಣ್ಣುಗಳು ಚೀಲದ ತಳದಲ್ಲಿ ಸಿಕ್ಕವು. ನಾನು ಅವುಗಳ ಮೇಲೆ ಕುಳಿತದ್ದರಿಂದ ಅಭ್ಯರ್ಥಿಗಳ ಹೆಸರುಗಳು ಅಳಿಸಿಹೋಗಿದ್ದವು. "ಟಫ್ ಫೈಟ್ ಅದ," ಎಂಬ ತೀರ್ಮಾನಕ್ಕೆ ಬಂದೆವು. ಪ್ರಸಾದ ಎಲ್ಲಿ ಎಂದು ಕೇಳಿದ ಹೆಂಡತಿಯ ಮುಂದೆ ಆ ಜಜ್ಜಿದ ಚೀಲ ಇಟ್ಟಾಗ ಅವಳು ಆಡಿದ ಮಾತು ನೀತಿ ಸಂಹಿತೆಯ ಉಲ್ಲಂಘನೆಯಾಗುತ್ತದೆ.

ಅಂಕಿಸಂಖ್ಯೆ ಎಂದರೆ ಕಾಕಾಗೆ ಪ್ರಾಣ. ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ 2008ರಲ್ಲಿ ಜೇವರ್ಗಿಯಲ್ಲಿ ಸೋತದ್ದು ಬರೀ 70 ಓಟಿಗೆ ಎಂಬುದನ್ನು, ಓಟು ಹಾಕಲು ಬೇಸರಿಸುವ ಹುಡುಗರನ್ನು ಹೆದರಿಸಲು ಬಳಸುತ್ತಾರೆ. ಲೋಕಸಭೆಗೆ ಮಲ್ಲಿಕಾರ್ಜುನ ಖರ್ಗೆ 2009ರಲ್ಲಿ 13,404ರಿಂದ, 2014ರಲ್ಲಿ 74,733ರಿಂದ ಗೆದ್ದದ್ದು, ಸೋಲಿಲ್ಲದ ಸರದಾರನೆನಿಸಿದ್ದ ಅದೇ ಖರ್ಗೆ 2019ರಲ್ಲಿ ಉಮೇಶ ಜಾಧವ್ ಎದುರು 95,452ರಿಂದ ಸೋತದ್ದು, ಎಲ್ಲ ನಾಲಗೆ ತುದಿಯಲ್ಲಿ. ತಮ್ಮ ಮೊಬೈಲ್ ನಂಬರು ಮಾತ್ರ ನನ್ನನ್ನು ಕೇಳುತ್ತಾರೆ. 2019ರ ಸೋಲನ್ನು ಕಾಕಾ ಊಹಿಸಿರಲಿಲ್ಲ. ಈಗ ಕೇಳಿದರೆ, "ನಾ ಹೇಳಿದ್ನಲ್ಲ, ನೀನೇ ಸರಿಯಾಗಿ ಕೇಳಿಲ್ಲ."

2024ರ ಏಪ್ರಿಲ್ 24ರಂದು ಖರ್ಗೆ ಅಫಜಲಪುರದ ಸಭೆಯಲ್ಲಿ, ಓಟು ಹಾಕದಿದ್ದರೂ ನಾನು ಮಾಡಿದ ಕೆಲಸ ನೆನೆದು ನನ್ನ ಮಣ್ಣಿಗಾದರೂ ಬನ್ನಿ ಎಂಬರ್ಥದ ಮಾತಾಡಿದರು. ಆ ಸಂಜೆ ಗುಡಿಯ ಕಟ್ಟೆಯ ಮೇಲೆ ಕಾಕಾ ಸುಮ್ಮನಿದ್ದರು. ಅವರ ಪತ್ನಿ ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳು ಒಬ್ಬ ಪುಣೆ, ಒಬ್ಬ ಬೆಂಗಳೂರು.

"ಮಂದಿ ಬರಬೇಕು ತಮ್ಮಾ, ಮಣ್ಣಿಗೆ," ಎಂದರು. "ಎಷ್ಟು ಮಂದಿ ಬಂದ್ರು ಅಂತ ನೋಡ್ಲಿಕ್ಕೆ ನಾವೇ ಇರಲ್ಲ, ಅದೊಂದು ತ್ರಾಸು."

ನಾನು ಏನಾದರೂ ಸಮಾಧಾನ ಹೇಳುವಷ್ಟರಲ್ಲಿ ತಾವೇ ಚೇತರಿಸಿಕೊಂಡು, "ಆದ್ರ ಆ ಒಂದು ಮಾತಿಗೆ ಹತ್ತು ಸಾವಿರ ಓಟು ಈ ಕಡಿ ಬಂದ್ವು, ಬರ್ದಿಟ್ಕೊ," ಎಂದರು.

ಪ್ರಚಾರದ ದಿನಗಳಲ್ಲಿ ಅವರ ಮನೆ ಬಾಗಿಲಿಗೆ ಎಲ್ಲ ಪಕ್ಷದ ಹುಡುಗರೂ ಬರುತ್ತಿದ್ದರು. "ಕಾಕಾ, ನಿಮ್ಮ ಆಶೀರ್ವಾದ ಬೇಕು," ಎಂದು ಕಾಲು ಮುಟ್ಟುತ್ತಿದ್ದರು. ಆ ಹುಡುಗರಿಗೆ ಅದು ಪಟ್ಟಿಯಲ್ಲಿನ ಒಂದು ಗುರುತು ಅಷ್ಟೇ, ಕಾಕಾಗೂ ಅದು ಗೊತ್ತು. ಆದರೂ ಒಳಗೆ ಕರೆದು, ಕುರ್ಚಿ ಒರೆಸಿ, ಚಹಾ ತರಿಸಿ, ಎಲ್ಲರಿಗೂ ಒಂದೇ ಉತ್ತರ: "ಈ ಸಲ ನಿಮ್ದೇ." ಉಳಿದ ನಾಲ್ಕು ಮುಕ್ಕಾಲು ವರ್ಷ ಆ ಬಾಗಿಲು ಬಡಿಯುವವರು ಹಾಲಿನವನು ಮತ್ತು ನಾನು. ನಾನು ಬಡಿಯುವುದೂ ಅವರು ಒಯ್ದ ಪತ್ರಿಕೆ ಮರಳಿ ತರಲು.

ಜೂನ್ 4ರಂದು ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಓಟುಗಳಿಂದ ಗೆದ್ದರು. ಕಾಕಾ ಅಂಕಿಯನ್ನು ಬರೆದುಕೊಂಡರು. ಪಟಾಕಿ ಎರಡು ದಿನ, ವಿಶ್ಲೇಷಣೆ ನಾಲ್ಕು ದಿನ. ನಂತರ ಶಾಮಿಯಾನದವರು ಕುರ್ಚಿ ಲಾರಿಗೆ ಹೇರಿಕೊಂಡು ಹೋದರು. ಆಟೊಗಳು ಬಾಡಿಗೆಗೆ ಮರಳಿದವು. ನನಗೆ ನಿದ್ದೆ ಬಂತು. ಕಾಕಾಗೆ ಮಂಡಿನೋವು ಬಂತು.

ಶ್ರಾವಣದ ಒಂದು ಸೋಮವಾರ ಗುಡಿಗೆ ಹೋದಾಗ ಕಾಕಾ ಕೋಲು ಪಕ್ಕಕ್ಕಿಟ್ಟು, ತೊಡೆಯ ಮೇಲೆ ಕಾಗದದ ಕಟ್ಟು ಹಿಡಿದು ಕುಳಿತಿದ್ದರು. ಇದೂ ಯಾವುದೋ ಸರ್ವೇ ಎಂದುಕೊಂಡು ಬೇರೆ ಬಾಗಿಲಿನಿಂದ ಜಾರಲು ನೋಡಿದೆ. ಆಗಲಿಲ್ಲ.

"ತಮ್ಮಾ, ಸಹಿ ಮಾಡು."

ಮನವಿಪತ್ರ. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದಿದೆ, ಮೂರು ವರ್ಷವಾದರೂ ಚುನಾವಣೆಯಿಲ್ಲ, ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ದಿನ ದೂಡುತ್ತಿದ್ದಾರೆ, ಕೂಡಲೇ ಚುನಾವಣೆ ಮಾಡಬೇಕು. ಅಕ್ಷರ ದುಂಡಾಗಿತ್ತು, ಸರಕಾರಿ ಒಕ್ಕಣೆ ಒಂದೂ ತಪ್ಪಿರಲಿಲ್ಲ.

"ಮತ್ತೊಂದು ಎಲೆಕ್ಷನ್ನಾ ಕಾಕಾ? ಈಗರೆ ಮುಗದದರೀ."

"ಲೋಕಸಭಾಕ್ಕ ಎಂಬತ್ತು ದಿನ ಡೋಲು ಬಡೀತಾರ. ಹಳ್ಳಿಗಿ ನೀರ್ ಬಿಡಸೋ ಮೆಂಬರ್ ಬೇಕಂದ್ರ ಮೂರು ವರ್ಷ ಯಾರೂ ಉಸುರ್ ಬಿಡಲ್ಲ. ನಮ್ಮೂರ ಹಳ್ಳಿ ಮನಿಶಾ ತ್ರಾಸು ಯಾರ ಮುಂದ ಹೇಳಬೇಕು? ಆಫೀಸರ್ ಮುಂದ? ಅವನಿಗಿ ಇವನ ಓಟ್ ಬೇಕೇನು?"

ಇಷ್ಟು ವರ್ಷದಲ್ಲಿ ಕಾಕಾ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಅವರೇ ಉತ್ತರ ಹೇಳಿ ಮುಗಿಸದ ಪ್ರಶ್ನೆ ಇದೊಂದೇ. ಆಟೊ, ಹಾಡು, ಆರು ಗಂಟೆ, ಎಲ್ಲ ಕಣ್ಣ ಮುಂದೆ ಬಂದವು. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ನನ್ನ ಸಹಿಯ ಮೇಲೆ ಆಗಲೇ ಸಾಕಷ್ಟು ಸಹಿಗಳಿದ್ದವು. ಸಹಿ ಹಾಕಿದವರಲ್ಲಿ ಕೆಲವರು ಅದು ದಾಸೋಹಕ್ಕೆ ಸಂಬಂಧಿಸಿದ ಪಟ್ಟಿಯೆಂದು ತಿಳಿದು, ಮನೆಯಲ್ಲಿ ಎಷ್ಟು ಜನ ಎಂಬುದನ್ನೂ ಬರೆದಿದ್ದರು.

ಕಾಕಾ ಕಾಗದ ಮಡಚಿ, ಸುತ್ತ ಒಮ್ಮೆ ಕಣ್ಣಾಡಿಸಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಗುಡಿ ಮುಂದಿನ ಮಂದಿ ಪೂರಾ ನಮ್ಮ ಕಡಿ ಅದಾರ. ಕೆರಿ ಕಡಿ ಗಾರ್ಡನ್ ಮಂದೀದೇ ಸ್ವಲ್ಪ ಡೌಟ್ ಅದ ನೋಡು."