ಲಾಗ್ ಸರ್

ಅಪ್ಪ ಅಮ್ಮ ಇಟ್ಟ ಹೆಸರು ಅವರ ಐಡಿ ಕಾರ್ಡಿನಲ್ಲಿತ್ತು. ಆ ಕಾರ್ಡನ್ನು ಅವರು ಸ್ವೆಟರಿನ ಒಳಗೆ ಹಾಕಿಕೊಳ್ಳುತ್ತಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಆಫೀಸಿಗೆಲ್ಲ ಅವರು ‘ಲಾಗ್ ಸರ್’. ಯಾರು ಯಾವ ಗೋಳು ಹೊತ್ತು ಅವರ ಟೇಬಲ್ಲಿಗೆ ಹೋದರೂ, ತಲೆ ಎತ್ತುವ ಮೊದಲೇ ಬರುತ್ತಿದ್ದ ಪ್ರಶ್ನೆ ಒಂದೇ: “ಲಾಗ್ ನೋಡಿದ್ರಾ?” ಸರ್ವರ್ ಮಲಗಿದೆ ಎಂದರೂ ಅದೇ, ರಿಪೋರ್ಟು ನಿಧಾನ ಎಂದರೂ ಅದೇ. ಒಮ್ಮೆ ಸೆಕ್ಯೂರಿಟಿಯವನು ಬಂದು “ಸಾರ್, ನಿಮ್ಮ ಗಾಡಿ ಪಂಕ್ಚರ್ ಆಗಿದೆ” ಎಂದಾಗಲೂ ಅದೇ ಮಾತು ಬಾಯಿಗೆ ಬಂದು ಅರ್ಧಕ್ಕೆ ನುಂಗಿಕೊಂಡರು ಎಂಬ ಕಥೆಯಿದೆ. ಕಥೆ ಹುಟ್ಟಿಸಿದ್ದು ಈ ಲೇಖಕನೇ. ಆದರೆ ನಂಬದವರು ಒಬ್ಬರೂ ಸಿಗಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಾಲ್ಕು ವರ್ಷ ಕೂತವರಿಗೆ ಈ ತಳಿ ಗೊತ್ತಿರುತ್ತದೆ. ಹಳೇ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು. ವಯಸ್ಸು ಐವತ್ತರ ಆಚೆ. ಎ.ಸಿ.ಗೆ ಹೆದರಿ ಏಪ್ರಿಲಿನಲ್ಲೂ ಸ್ವೆಟರ್. ಪಾಸ್‌ವರ್ಡ್ ಒಂದನ್ನು ಬಿಟ್ಟು ಪ್ರಪಂಚದ ಬೇರೆಲ್ಲವನ್ನೂ ಬರೆದಿಟ್ಟ ಉದ್ದನೆಯ ರೂಲ್ಡ್ ನೋಟ್‌ಬುಕ್. ಸೆಲೆಕ್ಟ್, ಫ್ರಮ್, ವೇರ್‌ಗಳನ್ನು ದೊಡ್ಡಕ್ಷರದಲ್ಲೇ ಟೈಪ್ ಮಾಡಬೇಕೆಂಬ ಮಡಿ. ಅಪ್‌ಡೇಟ್ ಹೊಡೆಯುವ ಮುಂಚೆ ತಪ್ಪಿದರೆ ಹಿಂದಿರುಗಲು ದಾರಿ ಬಿಡುವ ‘ಬಿಗಿನ್’ ಬರೆಯದವರನ್ನು, ಹೆಲ್ಮೆಟ್ ಇಲ್ಲದೆ ಔಟರ್ ರಿಂಗ್ ರೋಡಿಗಿಳಿದವರನ್ನು ನೋಡುವ ಹಾಗೆ ನೋಡುತ್ತಾರೆ. ಡೇಟಾಬೇಸಿನ ಭಾಷೆಯನ್ನು ‘ಸೀಕ್ವೆಲ್’ ಎಂದವರಿಗೆ ಅಲ್ಲೇ ಪಾಠ: ಐಬಿಎಂನವರು ಎಪ್ಪತ್ತರ ದಶಕದಲ್ಲಿ ಆ ಹೆಸರಿಟ್ಟದ್ದು ನಿಜ, ಟ್ರೇಡ್‌ಮಾರ್ಕಿನ ತಕರಾರಿನಿಂದ ಅಕ್ಷರಗಳು ಉದುರಿ ಎಸ್‌ಕ್ಯೂಎಲ್ ಆಯಿತು, ಉದುರಿದ್ದನ್ನು ನೀವು ಮತ್ತೆ ಅಂಟಿಸಬೇಡಿ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಲಾಗ್ ಸರ್ ಉತ್ತರ ಹೇಳುತ್ತಿರಲಿಲ್ಲ. ಗೊತ್ತಿದ್ದೂ ಹೇಳುತ್ತಿರಲಿಲ್ಲ. ಕೀಬೋರ್ಡನ್ನು ಮುಟ್ಟುತ್ತಲೂ ಇರಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಕೈ ಕಟ್ಟಿಕೊಂಡು, “ಏನಾಯ್ತು ಅಂತ ಹೇಳ್ಬೇಡಿ. ಏನು ಬರ್ದಿದೆ ಅಂತ ಓದಿ” ಎನ್ನುತ್ತಿದ್ದರು. ಮೂರನೇ ಕ್ಲಾಸಿನ ಹುಡುಗನ ಹಾಗೆ ಎರರ್ ಮೆಸೇಜನ್ನು ಗಟ್ಟಿಯಾಗಿ ಓದಬೇಕು. ಪಕ್ಕದ ಸಾಲಿನವರೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಎಂಜಿನಿಯರಿಂಗ್ ಓದಿ, ಹೋಮ್ ಲೋನ್ ಕಟ್ಟುತ್ತಿರುವ ಮನುಷ್ಯನಿಗೆ ಇದು ಬೇಕೆ?

2020ರ ಫೆಬ್ರವರಿಯ ಒಂದು ಶುಕ್ರವಾರ. ಹಿಂದಿನ ರಾತ್ರಿ ಲಾಗ್ ಸರ್ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು 11ರಿಂದ 12ಕ್ಕೆ ಏರಿಸಿದ್ದರು. ಸೋಮವಾರದ ಮೀಟಿಂಗಿಗೆ ಇನ್ನೂರು ಚಿಲ್ಲರೆ ಟೇಬಲ್‌ಗಳ ನಕ್ಷೆ ತೆಗೆದುಕೊಡುವ ಕೆಲಸ ಈ ಲೇಖಕನ ತಲೆಗೆ ಬಿದ್ದಿತ್ತು. ಅದಕ್ಕೊಂದು ಸ್ಕೀಮಾ ಟೂಲ್ ಇತ್ತು. ಯಾವ ಟೇಬಲ್ಲಿನಲ್ಲಿ ಯಾವ ಕಾಲಂ, ಯಾವುದು ಯಾವುದಕ್ಕೆ ನೆಂಟ ಎಂಬುದನ್ನೆಲ್ಲ ಡೇಟಾಬೇಸಿನಿಂದಲೇ ಕೇಳಿ ತಿಳಿದು ಚಿತ್ರ ಬರೆದುಕೊಡುವ ಸಾಧನ. ಕೊಂಡು ಎಷ್ಟೋ ವರ್ಷವಾಗಿತ್ತು, ನವೀಕರಿಸಲು ಯಾರೂ ದುಡ್ಡು ಮಂಜೂರು ಮಾಡಿರಲಿಲ್ಲ. ಅಂದು ಅದು ತೆರೆದುಕೊಂಡಿತು, ಕನೆಕ್ಟ್ ಆಯಿತು, ಟೇಬಲ್ಲುಗಳ ಪಟ್ಟಿಯನ್ನೂ ತೋರಿಸಿತು. ಒಂದು ಟೇಬಲ್ಲಿನ ಮೇಲೆ ಕ್ಲಿಕ್ ಮಾಡಿದ್ದೇ ತಡ, ‘ಮೆಟಾಡೇಟಾ ಲೋಡ್ ಆಗಲಿಲ್ಲ’ ಎಂದು ಮುಖ ತಿರುಗಿಸಿತು. ಅದಕ್ಕಿಂತ ಹೆಚ್ಚು ಮಾತಿಲ್ಲ.

ಮುಂದಿನ ಎರಡು ಗಂಟೆ ಈ ಲೇಖಕ ಮಾಡಿದ್ದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಟೂಲನ್ನು ಮುಚ್ಚಿ ತೆರೆದ. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದ. ವಿಪಿಎನ್ ಅನ್ನು ಬೈದ. ಟೂಲನ್ನು ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡಿದ. ಡ್ರೈವರ್ ಬದಲಿಸಿದ. ಕೊನೆಗೆ ಪರ್ಮಿಷನ್ ಸಾಲದು ಎಂದು ತೀರ್ಮಾನಿಸಿ, ಸೂಪರ್‌ಯೂಸರ್ ಹಕ್ಕು ಕೊಡಬೇಕೆಂದು ಮ್ಯಾನೇಜರನ್ನು ಸಿಸಿಯಲ್ಲಿಟ್ಟು ಖಾರವಾದ ಮೇಲ್ ಕಳಿಸಿದ.

ಉತ್ತರಕ್ಕೆ ಬದಲು ಸ್ವೆಟರ್ರೇ ಬಂದು ನಿಂತಿತು. “ಲಾಗ್ ನೋಡಿದ್ರಾ?”

ನೋಡಿರಲಿಲ್ಲ. ನೋಡಿದಾಗ ಎಲ್ಲವೂ ಅಲ್ಲೇ ಇತ್ತು. ಪೋಸ್ಟ್‌ಗ್ರೆಸ್ ಎಡವಿದ ಕ್ವೆರಿಯನ್ನು, ಬೇಡವೆಂದು ಯಾರೂ ಹೇಳದಿದ್ದರೆ, ತಾನಾಗಿಯೇ ಸರ್ವರಿನ ಲಾಗಿನಲ್ಲಿ ಇಡಿಯಾಗಿ ಬರೆದಿಡುತ್ತದೆ. ಎಷ್ಟನೇ ಅಕ್ಷರದಲ್ಲಿ ಎಡವಿತು ಎನ್ನುವುದನ್ನೂ ಸೇರಿಸಿ. ಟೂಲ್ ಮುಚ್ಚಿಟ್ಟದ್ದನ್ನು ಸರ್ವರ್ ಬಾಯಿಬಿಟ್ಟಿತ್ತು: ‘ಎಡಿಎಸ್‌ಆರ್‌ಸಿ’ ಎಂಬ ಕಾಲಂ ಇಲ್ಲ. ಅದನ್ನು ಈ ಲೇಖಕ ಗಟ್ಟಿಯಾಗಿ ಎರಡು ಸಲ ಓದಬೇಕಾಯಿತು. “ಈಗ ಹೇಳಿ, ಇಲ್ದೇ ಇರೋ ಕಾಲಂಗೆ ನಾನು ಪರ್ಮಿಷನ್ ಎಲ್ಲಿಂದ ತಂದು ಕೊಡ್ಲಿ?” ಪಕ್ಕದ ಸಾಲಿನಲ್ಲಿ ಯಾರೋ ಕೆಮ್ಮಿದರು.

ಇಲ್ಲಿಗೆ ಬಂದರೆ ಅವರು ತಾತನನ್ನು ಕರೆತರದೆ ಬಿಡುತ್ತಿರಲಿಲ್ಲ. ತಾತ ತಿಪಟೂರು ಕಡೆಯ ಹಳ್ಳಿಯೊಂದರ ಶ್ಯಾನುಭೋಗರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ತೆಗೆದುಹಾಕುವವರೆಗೂ ಊರಿನ ಹೊಲ ಗದ್ದೆಗಳ ಲೆಕ್ಕವೆಲ್ಲ ಅವರ ಕೆಂಪು ಬಟ್ಟೆಯ ಗಂಟಿನೊಳಗೆ. “ಡೇಟಾಬೇಸ್‌ಗೂ ಒಬ್ಬ ಶ್ಯಾನುಭೋಗ ಇರ್ತಾನೆ ರೀ. ಕ್ಯಾಟಲಾಗ್ ಅಂದ್ರೆ ಅವ್ನ ದಫ್ತರ.” ಯಾವ ಟೇಬಲ್ ಇದೆ ಎಂಬುದು ಪಿಜಿ_ಕ್ಲಾಸ್‌ನಲ್ಲಿ, ಅದರ ಕಾಲಂಗಳು ಪಿಜಿ_ಆಟ್ರಿಬ್ಯೂಟ್‌ನಲ್ಲಿ, ಕಾಲಂಗಳಿಗೆ ಕಟ್ಟಿಟ್ಟ ಡೀಫಾಲ್ಟ್ ಬೆಲೆಗಳು ಪಿಜಿ_ಆಟ್ರ್‌ಡೆಫ್‌ನಲ್ಲಿ. ಈ ದಫ್ತರವೂ ಟೇಬಲ್ಲೇ. ಬೇರೆಲ್ಲ ಟೇಬಲ್ಲುಗಳಂತೆ ಅದನ್ನೂ ಸೆಲೆಕ್ಟ್ ಮಾಡಿ ಓದಬಹುದು. ಹಾಗೆಯೇ ಇರಬೇಕು ಎಂದು ರಿಲೇಷನಲ್ ಮಾದರಿಯ ಜನಕ ಎಡ್ಗರ್ ಕಾಡ್ 1985ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ನಾಲ್ಕನೆಯದು ಹೇಳುತ್ತದೆ. ಪಿಜಿ_ಕ್ಲಾಸ್‌ನಲ್ಲಿ ಪಿಜಿ_ಕ್ಲಾಸ್‌ನದ್ದೂ ಒಂದು ಸಾಲು ಇದೆ. ಶ್ಯಾನುಭೋಗರ ಮನೆಯೂ ಶ್ಯಾನುಭೋಗರ ಪುಸ್ತಕದಲ್ಲೇ ದಾಖಲು. ಇದನ್ನು ಹೇಳುವಾಗ ಲಾಗ್ ಸರ್ ಮುಖದಲ್ಲಿ ಮೊಮ್ಮಗನ ಹೆಮ್ಮೆ ಎದ್ದು ಕಾಣುತ್ತಿತ್ತು.

ಹಾಗಾದರೆ ಎಡಿಎಸ್‌ಆರ್‌ಸಿಗೆ ಏನಾಯಿತು? ಅದರಲ್ಲಿ ಡೀಫಾಲ್ಟ್ ಬೆಲೆ ಮನುಷ್ಯರು ಓದುವ ಅಕ್ಷರದಲ್ಲಿ ಇರುತ್ತಿತ್ತು. ಅಸಲು ಪ್ರತಿ ಪಕ್ಕದ ಎಡಿಬಿನ್ ಎಂಬ ಕಾಲಂನಲ್ಲಿ, ಯಂತ್ರದ ಭಾಷೆಯಲ್ಲಿ. ತೊಂದರೆಯೆಂದರೆ ಮುಂದೆಂದೋ ಆ ಬೆಲೆ ಒದಗಿಸುವ ಸೀಕ್ವೆನ್ಸಿನ, ಅಂದರೆ ಕ್ರಮಸಂಖ್ಯೆ ಕೊಡುವ ಎಣಿಕೆಯ, ಹೆಸರು ಬದಲಾದರೆ ಅಸಲು ಪ್ರತಿ ಸರಿಯಾಗಿಯೇ ಇರುತ್ತದೆ, ನಕಲು ಹಳೆಯ ಹೆಸರನ್ನೇ ಹೇಳುತ್ತಿರುತ್ತದೆ. ಅಣ್ಣ ತಮ್ಮಂದಿರು ಪಾಲಾಗಿ ಹತ್ತು ವರ್ಷವಾದರೂ ಪಹಣಿಯಲ್ಲಿ ತಾತನ ಹೆಸರೇ ಓಡುತ್ತಿರುವ ಹಾಗೆ. ಇದನ್ನು ನೆಚ್ಚಬೇಡಿ ಎಂದು ಪೋಸ್ಟ್‌ಗ್ರೆಸ್ ಕೈಪಿಡಿ ವರ್ಷಗಟ್ಟಲೆ ಹೇಳುತ್ತಲೇ ಇತ್ತು. ಯಾರು ಓದುತ್ತಾರೆ? 2019ರ ಅಕ್ಟೋಬರಿನಲ್ಲಿ ಬಂದ 12ನೇ ಆವೃತ್ತಿಯಲ್ಲಿ ಕಿತ್ತೇ ಹಾಕಿದರು. ಟೂಲ್ ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿತ್ತು.

ಇಲ್ಲಿಯವರೆಗೆ ಲಾಗ್ ಸರ್ ಅವರದೇ ಗೆಲುವು. ಮುಂದಿನದನ್ನು ಈ ಲೇಖಕ ಎಷ್ಟು ಸಲ ಹೇಳಿದ್ದಾನೆಂದರೆ, ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಬಾಯಿಪಾಠ.

“ಇಂಥ ಗೊಂಬೆ ಟೂಲ್ ಎಲ್ಲ ಯಾಕ್ರೀ? ಪಿಎಸ್‌ಕ್ಯೂಎಲ್ ಇಲ್ವಾ?” ಎಂದರು ಅವರು. ಪಿಎಸ್‌ಕ್ಯೂಎಲ್ ಎಂದರೆ ಪೋಸ್ಟ್‌ಗ್ರೆಸ್ ಜತೆಗೇ ಬರುವ ಕಪ್ಪು ಪರದೆ. ಚಿತ್ರವಿಲ್ಲ, ಬಟನ್ ಇಲ್ಲ. ಬ್ಯಾಕ್‌ಸ್ಲ್ಯಾಶ್ ಡಿ ಎಂದು ಟೈಪ್ ಮಾಡಿ ಟೇಬಲ್ಲಿನ ಹೆಸರು ಕೊಟ್ಟರೆ ಅದರ ಜಾತಕವನ್ನೆಲ್ಲ ಮುಂದಿಡುತ್ತದೆ. ಅಂದು ನಿಯಮ ಮುರಿದು, ತಮ್ಮದೇ ಲ್ಯಾಪ್‌ಟಾಪ್ ತಂದು, ತಮ್ಮದೇ ಬೆರಳಿನಿಂದ ಟೈಪ್ ಮಾಡಿದರು. ಎಂಟರ್ ಒತ್ತಿದರು.

ಎರರ್. ‘ರೆಲ್‌ಹ್ಯಾಸ್‌ಒಐಡೀಸ್’ ಎಂಬ ಕಾಲಂ ಇಲ್ಲ.

ಮೂರನೇ ಮಹಡಿಯಲ್ಲಿ ಎ.ಸಿ.ಯ ಸದ್ದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿರಲಿಲ್ಲ. ಆದದ್ದಿಷ್ಟು: ಸರ್ವರನ್ನು 12ಕ್ಕೆ ಏರಿಸಿದ ಸಾಹೇಬರು ತಮ್ಮ ಲ್ಯಾಪ್‌ಟಾಪಿನ ಪಿಎಸ್‌ಕ್ಯೂಎಲ್ ಅನ್ನು 11ರಲ್ಲೇ ಬಿಟ್ಟಿದ್ದರು. ಅದೂ ಒಳಗೊಳಗೆ ಕ್ಯಾಟಲಾಗನ್ನೇ ಕೇಳುವ ಗಿರಾಕಿ. 12ರಲ್ಲಿ ಕಿತ್ತುಹಾಕಿದ ಇನ್ನೊಂದು ಕಾಲಮ್ಮನ್ನು ಅದು ಕೇಳಿತ್ತು. ಇನ್ನೂ ಮಜವೆಂದರೆ, ಪಿಎಸ್‌ಕ್ಯೂಎಲ್ ಶುರುವಾಗುವಾಗಲೇ ‘ನಾನು 11, ಸರ್ವರ್ 12, ಕೆಲವು ಸೌಲಭ್ಯಗಳು ನಡೆಯದೇ ಇರಬಹುದು’ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿತ್ತು. ಪರದೆಯ ಮೇಲ್ತುದಿಯಲ್ಲಿ ಆ ಸಾಲು ಇನ್ನೂ ಇತ್ತು.

“ಸರ್,” ಎಂದ ಈ ಲೇಖಕ, ಸಾಧ್ಯವಾದಷ್ಟು ವಿನಯದಿಂದ, “ಮೇಲ್ಗಡೆ ಏನೋ ಬರ್ದಿದೆ, ಸ್ವಲ್ಪ ಓದ್ತೀರಾ?”

ಅವರು ಓದಿದರು. ಗಟ್ಟಿಯಾಗಿಯೇ ಓದಿದರು, ಅದೊಂದು ದೊಡ್ಡತನ. ಆಮೇಲೆ ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿಕೊಂಡು, “ಬನ್ನಿ, ಕಾಫಿ ಕುಡ್ಕೊಂಡು ಬರೋಣ” ಎಂದರು. ಬೈಟೂ ಕಾಫಿಯ ದುಡ್ಡನ್ನು ಅಂದು ಅವರೇ ಕೊಟ್ಟರು. ಕಚೇರಿಯ ಇತಿಹಾಸದಲ್ಲಿ ಅದಕ್ಕೆ ಬೇರೆ ಸಾಕ್ಷಿಗಳೂ ಇದ್ದಾರೆ.

ವಾಪಸು ಬಂದು ರಿಪೇರಿಗೆ ಕೂತರು. ಅಂದರೆ ಈ ಲೇಖಕ ಕೂತ, ಅವರು ಪಕ್ಕದಲ್ಲಿ ಕೈ ಕಟ್ಟಿಕೊಂಡರು. ಟೂಲಿನ ಫೋಲ್ಡರಿನಲ್ಲಿ ಅದರ ಕ್ವೆರಿಗಳೆಲ್ಲ ಒಂದು ಫೈಲಿನಲ್ಲಿ ಸಿಕ್ಕವು. ಸರಿಯಾದ ರೂಪ ಯಾವುದೆಂದು ತಿಳಿಯಲು ಅವರದೊಂದು ಯುಕ್ತಿ: ಸರ್ವರಿನಲ್ಲಿದ್ದ ಹೊಸ ಪಿಎಸ್‌ಕ್ಯೂಎಲ್ ಅನ್ನು ‘ಮೈನಸ್ ದೊಡ್ಡ ಇ’ ಸೇರಿಸಿ ಓಡಿಸುವುದು. ಆಗ ಬ್ಯಾಕ್‌ಸ್ಲ್ಯಾಶ್ ಡಿ ತೆರೆಮರೆಯಲ್ಲಿ ಕೇಳುವ ಪ್ರಶ್ನೆಗಳೆಲ್ಲ ಪರದೆಯ ಮೇಲೆ ಬೀಳುತ್ತವೆ. ನೋಡಿ ಕಾಪಿ ಹೊಡೆದರೆ ಮುಗಿಯಿತು. ಎಡಿಎಸ್‌ಆರ್‌ಸಿ ಇದ್ದಲ್ಲಿ ಪಿಜಿ_ಗೆಟ್_ಎಕ್ಸ್‌ಪ್ರ್ ಎಂಬ ಫಂಕ್ಷನ್ ಬಂತು. ಉಳಿಸಿ ಓಡಿಸಿದರೆ ರೆಲ್‌ಹ್ಯಾಸ್‌ಒಐಡೀಸ್ ಅಡ್ಡ ಬಂತು, ಅದನ್ನು ತೆಗೆದದ್ದಾಯಿತು. ಆಮೇಲೆ ಕಾನ್‌ಎಸ್‌ಆರ್‌ಸಿ, ಕನ್‌ಸ್ಟ್ರೇಂಟುಗಳ ನಕಲು ಪ್ರತಿ, ಅದೇ 12ರ ಮೂರನೇ ಬಲಿ. ಮೂರೂ ಬರುತ್ತವೆಂದು ಅವರಿಗೆ ಮೊದಲೇ ಗೊತ್ತಿತ್ತು. ಒಟ್ಟಿಗೇ ಹೇಳಬಹುದಿತ್ತಲ್ಲ ಸರ್ ಎಂದರೆ, “ಹೇಳಿದ್ರೆ ನೀವು ಓದ್ತಿರ್ಲಿಲ್ಲ” ಎಂದರು. ಶುಕ್ರವಾರ ಸಂಜೆ ಏಳೂವರೆ. ಸಿಲ್ಕ್ ಬೋರ್ಡ್ ಜಂಕ್ಷನ್ ಅಷ್ಟು ಹೊತ್ತಿಗೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ.

ಹೀಗೆ ಕ್ಯಾಟಲಾಗಿನ ಕಾಲಂಗಳು ಹೋದ, ಬದಲಾದ ತಿಥಿಗಳೆಲ್ಲ ಅವರ ರೂಲ್ಡ್ ಪುಸ್ತಕದಲ್ಲಿದ್ದವು. 2012, ಆವೃತ್ತಿ 9.2: ಪ್ರಾಕ್‌ಪಿಐಡಿ ಹೋಗಿ ಬರೀ ಪಿಐಡಿ. 2017, ಆವೃತ್ತಿ 10: ಸೀಕ್ವೆನ್ಸುಗಳ ವಿವರ ಪಿಜಿ_ಸೀಕ್ವೆನ್ಸ್ ಎಂಬ ಹೊಸ ಮನೆಗೆ. 2018, ಆವೃತ್ತಿ 11: ಪ್ರೊಇಸ್‌ಆಗ್ ಹೋಗಿ ಪ್ರೊಕೈಂಡ್. ಪ್ರತಿ ಸಾಲಿನ ಪಕ್ಕ, ಆ ವರ್ಷ ಕಚೇರಿಯಲ್ಲಿ ಯಾವ ಟೂಲ್ ಬಿತ್ತು, ಅವರ ಬಳಿಗೆ ಯಾರು ಓಡಿಬಂದರು ಎಂಬ ಟಿಪ್ಪಣಿ. ಈ ಲೇಖಕನ ಹೆಸರು ಎರಡು ಕಡೆ ಇತ್ತು. ಎಸ್‌ಕ್ಯೂಎಲ್ ಮಾನದಂಡ ಹೇಳುವ ‘ಇನ್‌ಫರ್ಮೇಷನ್ ಸ್ಕೀಮಾ’ ಎಂಬ ಮುಂಬಾಗಿಲಿನಿಂದ ಬಂದರೆ ಇಷ್ಟು ಕಾಟವಿಲ್ಲ, ಅದು ಹೀಗೆ ಮೇಲಿಂದ ಮೇಲೆ ಬದಲಾಗುವುದಿಲ್ಲ. ಆದರೆ ಅಲ್ಲಿ ಇಂಡೆಕ್ಸುಗಳ ಸುದ್ದಿಯೇ ಇಲ್ಲ, ಅದಕ್ಕೇ ಟೂಲ್ ಬರೆಯುವವರೆಲ್ಲ ಹಿತ್ತಲ ಬಾಗಿಲಿಗೆ ಬರುತ್ತಾರೆ ಎಂದು ಅವರೇ ಸಮಾಧಾನವನ್ನೂ ಹೇಳುತ್ತಿದ್ದರು. 12ರ ತಿಥಿಯ ಪಕ್ಕದಲ್ಲಿ ಅಂದು ರಾತ್ರಿ ಅವರು ಬರೆದುಕೊಂಡದ್ದನ್ನು ಈ ಲೇಖಕ ಕದ್ದು ನೋಡಿದ. ‘ನನ್ನದೂ’ ಎಂಬ ಒಂದೇ ಪದ.

ಲಾಕ್‌ಡೌನ್ ಮುಗಿದು ಎಲ್ಲರೂ ಮರಳಿ ಬರುವಷ್ಟರಲ್ಲಿ ಡೇಟಾಬೇಸ್ ಬಾಡಿಗೆಯ ಕ್ಲೌಡಿಗೆ ಹೋಗಿತ್ತು. ಬ್ಯಾಕಪ್ಪು, ಸಣ್ಣಪುಟ್ಟ ಅಪ್‌ಗ್ರೇಡು ಎಲ್ಲ ರಾತ್ರಿ ಹೊತ್ತು ತಾವೇ ಆಗುತ್ತವೆ. ಲಾಗ್ ಸರ್ ಸ್ವಯಂನಿವೃತ್ತಿ ತೆಗೆದುಕೊಂಡು ತಿಪಟೂರಿಗೆ, ತೆಂಗಿನ ತೋಟಕ್ಕೆ ಹೋದರು. ಅವರ ಕುರ್ಚಿಯಲ್ಲಿ ಈಗ ಹುಡುಗನೊಬ್ಬ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಒಳ್ಳೆಯ ಹುಡುಗ. ಏನು ಕೇಳಿದರೂ ತಕ್ಷಣ ಉತ್ತರ ಕಳಿಸುತ್ತಾನೆ, ಪಕ್ಕದಲ್ಲಿ ಬಂದು ಕೂರುವುದಿಲ್ಲ.

2023ರಲ್ಲಿ ಈ ಲೇಖಕ ತನ್ನ ಲ್ಯಾಪ್‌ಟಾಪಿಗೆ ಪೋಸ್ಟ್‌ಗ್ರೆಸ್ 15 ಹಾಕಿಕೊಂಡ. ಹಳೆಯ ಟೂಲೊಂದು ಕನೆಕ್ಟ್ ಆಗುವಾಗಲೇ ಬಿದ್ದುಹೋಯಿತು. ಹುಡುಗನನ್ನು ಕೇಳಬಹುದಿತ್ತು. ಯಾಕೋ ಕೈ ತಿಪಟೂರಿನ ನಂಬರನ್ನೇ ಒತ್ತಿತು. ಒಂದೂವರೆ ವರ್ಷದಿಂದ ಮಾತಾಡಿರಲಿಲ್ಲ. ಆರೋಗ್ಯ, ಮಳೆ, ಕೊಬ್ಬರಿ ರೇಟು ಏನೂ ಇಲ್ಲ, ವಿಷಯ ಮುಗಿಯುವ ಮುಂಚೆಯೇ ಅತ್ತಲಿಂದ, “ಲಾಗ್ ನೋಡಿದ್ರಾ?”

“ನೋಡ್ದೆ ಸರ್” ಎಂದು ಸುಳ್ಳು ಹೇಳಿದ ಈ ಲೇಖಕ, ಫೋನನ್ನು ಭುಜಕ್ಕೆ ಒತ್ತಿಕೊಂಡು ಲಾಗ್ ಫೈಲ್ ತೆರೆಯತೊಡಗಿದ. ಕೀಬೋರ್ಡಿನ ಸದ್ದು ಅತ್ತ ಕೇಳಿಸಿರಬೇಕು.

“ನಿಧಾನಕ್ಕೆ ಓದಿ, ಅವಸರ ಇಲ್ಲ” ಎಂದರು. “ನಮ್ಮನೇವ್ರು ಕುಕ್ಕರ್ ಇಟ್ಟು ದೇವಸ್ಥಾನಕ್ಕೆ ಹೋಗಿದಾರೆ. ಮೂರು ಕೂಗು ಆಗೋವರ್ಗೂ ನಾನು ಇಲ್ಲೇ ಇರ್ತೀನಿ.”

‘ಡ್ಯಾಟ್‌ಲಾಸ್ಟ್‌ಸಿಸ್‌ಒಐಡಿ’ ಎಂಬ ಕಾಲಂ ಇಲ್ಲ ಎಂದು ಬರೆದಿತ್ತು. 15ರಲ್ಲಿ ತೆಗೆದದ್ದು. ಈ ಲೇಖಕ ಗಟ್ಟಿಯಾಗಿ ಓದಿದ. ಅತ್ತ ಮೊದಲನೇ ಕೂಗು ಕೇಳಿಸಿತು, ಅದರ ಹಿಂದೆಯೇ ಪುಸ್ತಕದ ಹಾಳೆ ಮಗುಚುವ ಸದ್ದು.